ಬಸ್ಸು ಹೊರಟಾಗ ನಮ್ಮನ್ನು ತಳ್ಳಿದವರು ಯಾರು? ವಾಹನಗಳ ಬಲದ ಲೆಕ್ಕ ಬಿಡಿಸುವ ಬಗೆ

ಸಿಟಿ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಅಭ್ಯಾಸ ಇದ್ದವರಿಗೆ ಇದು ಗೊತ್ತು. ಕಂಡಕ್ಟರ್ "ರೈಟ್" ಅನ್ನುತ್ತಾರೆ, ಬಸ್ಸು ಜಗ್ಗಿಕೊಂಡು ಹೊರಡುತ್ತದೆ, ನಾವು ಹಿಂದೆ ನಿಂತವರ ಕಾಲು ತುಳಿಯುತ್ತೇವೆ. ಅವರು "ನೋಡ್ಕೊಂಡು ನಿಂತ್ಕೊಳ್ರೀ" ಅಂದರೆ ನಾವು "ನಾನೇನ್ ಮಾಡ್ಲಿ, ಬಸ್ಸು ತಳ್ಳಿತು" ಅನ್ನುತ್ತೇವೆ. ನಿಜ ಹೇಳಬೇಕೆಂದರೆ ನಮ್ಮನ್ನು ಯಾರೂ ಹಿಂದಕ್ಕೆ ತಳ್ಳಿಲ್ಲ. ಬಸ್ಸು ನಮ್ಮ ಕಾಲನ್ನು ಮುಂದಕ್ಕೆ ಎಳೆದುಕೊಂಡು ಹೋಯಿತು, ಮೈ ಇದ್ದಲ್ಲೇ ಉಳಿಯಿತು, ಅಷ್ಟೇ.

ಸಂಜೆ ಹೊತ್ತು ನಮ್ಮ ಬೀದಿಯ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಚಲನೆಯ ನಿಯಮಗಳ ಪಾಠ ಬಂದಾಗ ಎಲ್ಲರಿಗೂ ಸೂತ್ರ ಬಾಯಿಪಾಠ ಇರುತ್ತದೆ: ಬಲ = ದ್ರವ್ಯರಾಶಿ × ವೇಗೋತ್ಕರ್ಷ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೂ ಲೆಕ್ಕ ತಪ್ಪುತ್ತದೆ. ತಪ್ಪು ಸೂತ್ರದಲ್ಲಿ ಇರುವುದಿಲ್ಲ, ಸೂತ್ರ ಬರೆಯುವುದಕ್ಕೆ ಮುಂಚೆಯೇ ಆಗಿಹೋಗಿರುತ್ತದೆ. ನಾನೂ ಮೊದಲ ಪಿಯುಸಿ ಕಿರುಪರೀಕ್ಷೆಯಲ್ಲಿ ಟ್ರಾಲಿಯ ಚಿತ್ರಕ್ಕೆ "ಎಂಜಿನ್ ಬಲ" ಅಂತ ದೊಡ್ಡದೊಂದು ಬಾಣ ಹಾಕಿದ್ದೆ. "ಟ್ರಾಲಿಗೆ ಎಂಜಿನ್ ಎಲ್ಲಿದೆಯೋ?" ಅಂತ ಮೇಷ್ಟ್ರು ಕೇಳಿದರು, ಕ್ಲಾಸು ನಕ್ಕಿತು. ಅವತ್ತು ಹೋದ ನಾಲ್ಕು ಅಂಕ ಇವತ್ತಿಗೂ ನೆನಪಿದೆ.

ಮೊದಲ ಕೆಲಸ: ಯಾರ ಖಾತೆ?

ಕಿರಾಣಿ ಅಂಗಡಿಯ ಉದ್ದರಿ ಪುಸ್ತಕ ನೋಡಿದ್ದೀರಲ್ಲ. ಒಬ್ಬೊಬ್ಬರಿಗೂ ಒಂದೊಂದು ಪುಟ. ರಾಮಣ್ಣನ ಪುಟದಲ್ಲಿ ಭೀಮಣ್ಣನ ಬೆಲ್ಲ ಬರೆದರೆ ತಿಂಗಳ ಕೊನೆಗೆ ಜಗಳ ಗ್ಯಾರಂಟಿ. ಬಲದ ಲೆಕ್ಕವೂ ಹಾಗೆಯೇ. ಕಾರು, ಅದರೊಳಗಿನ ಮನುಷ್ಯ, ಅದರ ಹಿಂದೆ ಕಟ್ಟಿದ ಟ್ರಾಲಿ ಇವೆಲ್ಲ ಬೇರೆ ಬೇರೆ ಪುಟ. ಪ್ರಶ್ನೆ ಓದಿದ ಕೂಡಲೇ "ನಾನೀಗ ಯಾರ ಪುಟ ತೆರೆದಿದ್ದೇನೆ?" ಅಂತ ಕೇಳಿಕೊಳ್ಳಿ. ಉತ್ತರವನ್ನು ಹಾಳೆಯ ಮೇಲೆ ಬರೆಯಿರಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಅರ್ಧ ದಾರಿಯಲ್ಲಿ ಮರೆತುಹೋಗುತ್ತದೆ.

ಆಮೇಲೆ ಆ ವಸ್ತುವನ್ನು ಒಂದು ಚೌಕ ಅಂತ ಬರೆದು, ಅದನ್ನು ಯಾರ್ಯಾರು ಮುಟ್ಟಿದ್ದಾರೆ ಅಂತ ಎಣಿಸಿ. ಈ ಪಾಠದ ಲೆಕ್ಕಗಳಲ್ಲಿ ಮುಟ್ಟದೆ ಎಳೆಯುವ ಹಕ್ಕು ಇರುವುದು ಭೂಮಿಗೆ ಮಾತ್ರ, ಅದು ತೂಕ. ಉಳಿದ ಯಾವ ಬಲವಾದರೂ ಮುಟ್ಟಿದವರಿಂದಲೇ ಬರಬೇಕು: ನೆಲ, ಹಗ್ಗ, ಸೀಟು, ಗಾಳಿ. ಬಾಣ ಹಾಕುವ ಮುಂಚೆ "ಇದನ್ನು ಕೊಟ್ಟವರು ಯಾರು?" ಅಂತ ಕೇಳಿ. ಹೆಸರು ಹೇಳಲಾಗದಿದ್ದರೆ ಆ ಬಾಣ ಅಳಿಸಿ. ಬಸ್ಸಿನಲ್ಲಿ ನಿಂತವನ ಚಿತ್ರಕ್ಕೆ ಹಿಂದಕ್ಕೊಂದು ಬಾಣ ಹಾಕುತ್ತಾರಲ್ಲ, ಅದನ್ನು ಕೊಟ್ಟವರು ಯಾರೂ ಇಲ್ಲ. ಅವನ ಹಿಂದೆ ನಿಂತವರು ಸುಮ್ನೆ ನಿಂತಿದ್ದರು, ಪಾಪ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ದ್ರವ್ಯರಾಶಿ × ವೇಗೋತ್ಕರ್ಷ ಅನ್ನುವುದು ಇನ್ನೊಂದು ಬಲ ಅಲ್ಲ. ಎಲ್ಲ ಬಲಗಳನ್ನೂ ಕೂಡಿ ಕಳೆದ ಮೇಲೆ ಪುಟದ ಕೆಳಗೆ ಬರುವ ಮೊತ್ತ ಅದು. ಮೊತ್ತವನ್ನು ಮತ್ತೆ ಮೇಲಿನ ಸಾಲಿನಲ್ಲಿ ಸೇರಿಸಬಾರದು. ಚಿತ್ರದಲ್ಲಿ ಅದಕ್ಕೆ ಜಾಗ ಇಲ್ಲ.

ಕಾರನ್ನು ಮುಂದೆ ತಳ್ಳುವುದು ರಸ್ತೆ

ಇದನ್ನು ಹೇಳಿದರೆ ಮಕ್ಕಳು ನಂಬುವುದಿಲ್ಲ. "ಎಂಜಿನ್ ತಾನೇ ಸಾರ್?" ಅನ್ನುತ್ತಾರೆ. ಎಂಜಿನ್ ಕಾರಿನ ಒಳಗಿದೆ. ಕಾರಿನೊಳಗೆ ಕೂತು ಡ್ಯಾಶ್‌ಬೋರ್ಡ್ ತಳ್ಳಿದರೆ ಕಾರು ಮುಂದೆ ಹೋಗುತ್ತದೆಯೇ? ಎಂಜಿನ್ ಚಕ್ರವನ್ನು ತಿರುಗಿಸುತ್ತದೆ, ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಚಕ್ರವನ್ನು ಮುಂದಕ್ಕೆ ಒತ್ತುತ್ತದೆ. ಆ ಕೊನೆಯದೇ ಕಾರಿನ ಪುಟಕ್ಕೆ ಬರುವ ಬಲ, ಅಂದರೆ ಘರ್ಷಣೆ. ಮಳೆಗಾಲದಲ್ಲಿ ಗದ್ದೆ ಬದಿಯ ದಾರಿಯಲ್ಲಿ ಜೀಪು ಹೂತಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಎಂಜಿನ್ ಅರಚುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ, ಕೆಸರು ಹಿಂದೆ ನಿಂತವರ ಮುಖಕ್ಕೆ ಹಾರುತ್ತದೆ, ಜೀಪು ಮಾತ್ರ ಅಲ್ಲೇ. ಎಂಜಿನ್ ಬಲಕ್ಕೆ ಕೊರತೆ ಏನಿಲ್ಲ, ತಿರುಗಿ ಒತ್ತುವ ನೆಲವೇ ಇಲ್ಲ. ಅದಕ್ಕೇ ಚಕ್ರದಡಿಗೆ ಕಲ್ಲು, ಸೊಪ್ಪು, ಹರಕು ಗೋಣಿಚೀಲ ತುರುಕುವುದು.

ಪ್ರಶ್ನೆಪತ್ರಿಕೆಯಲ್ಲಿ "ಎಂಜಿನ್ ಬಲ" ಅಂತ ಇದ್ದರೆ ಗಾಬರಿ ಬೇಡ. ಎಂಜಿನ್ ತಿರುಗಿಸುವ ಚಕ್ರಗಳನ್ನು ರಸ್ತೆ ಮುಂದೆ ತಳ್ಳುವ ಬಲ ಅಂತ ಓದಿಕೊಳ್ಳಿ. ನಾನು ಇಲ್ಲಿ ಅದನ್ನು ಚಾಲಕ ಬಲ ಅನ್ನುತ್ತೇನೆ.

ಕೈ ಪಳಗಲು ಒಂದು ಸಣ್ಣ ಲೆಕ್ಕ

ಜನರನ್ನೂ ಸೇರಿಸಿ 1200 ಕಿಲೋಗ್ರಾಂ ಇರುವ ಕಾರು ನಿಂತಲ್ಲಿಂದ ಹೊರಟು 10 ಸೆಕೆಂಡಿನಲ್ಲಿ ಗಂಟೆಗೆ 54 ಕಿ.ಮೀ. ವೇಗ ಮುಟ್ಟುತ್ತದೆ. ಗಾಳಿ ಮತ್ತು ಉರುಳುವಿಕೆಯ ತಡೆ 300 ನ್ಯೂಟನ್. ಚಾಲಕ ಬಲ ಎಷ್ಟು?

ಗಂಟೆಗೆ ಕಿ.ಮೀ. ಇದ್ದದ್ದನ್ನು ಸೆಕೆಂಡಿಗೆ ಮೀಟರ್ ಮಾಡಲು 5ರಿಂದ ಗುಣಿಸಿ 18ರಿಂದ ಭಾಗಿಸಿ. 54 ಆಗ 15 ಆಯಿತು. ಪರೀಕ್ಷೆ ಬರೆಯುವಾಗ 18, 36, 54, 72, 90 ಈ ಐದೂ 5, 10, 15, 20, 25 ಆಗುತ್ತವೆ ಅಂತ ನೆನಪಿದ್ದರೆ ಸಾಕು, ಪ್ರಶ್ನೆ ತೆಗೆಯುವವರಿಗೂ ಇವೇ ಇಷ್ಟ. 10 ಸೆಕೆಂಡಿನಲ್ಲಿ 15 ಅಂದರೆ ವೇಗೋತ್ಕರ್ಷ 1.5 ಮೀ/ಸೆ². ಮೊತ್ತ 1200 × 1.5 = 1800 ನ್ಯೂಟನ್. ಚಾಲಕ ಬಲದಿಂದ 300 ಕಳೆದು 1800 ಉಳಿಯಬೇಕು, ಹಾಗಾದರೆ ಅದು 2100 ನ್ಯೂಟನ್. ತುಂಬಾ ಜನ 1800 ಅಂತಲೇ ಬರೆದು ಪೆನ್ನು ಕೆಳಗಿಡುತ್ತಾರೆ. 1800 ಉಳಿತಾಯ, ಸಂಪಾದನೆ ಅಲ್ಲ.

ಕಬ್ಬಿನ ಟ್ರ್ಯಾಕ್ಟರ್: ಕೊಂಡಿಯ ಮೇಲೆ ಎಷ್ಟು?

ನನಗೆ ತುಂಬಾ ಇಷ್ಟದ ಲೆಕ್ಕ ಇದು. ಮಂಡ್ಯದ ಕಡೆ ಕಬ್ಬು ಸಾಗಿಸುವ ಕಾಲದಲ್ಲಿ ರಸ್ತೆಗೆ ಇಳಿದರೆ ಟ್ರ್ಯಾಕ್ಟರುಗಳ ಹಿಂದೆಯೇ ಹೋಗಬೇಕು, ಓವರ್‌ಟೇಕ್ ಮಾಡಲು ಜಾಗ ಸಿಗುವುದಿಲ್ಲ. ಬೇಜಾರು ಕಳೆಯಲು ಲೆಕ್ಕ ಹಾಕಿ. ಟ್ರ್ಯಾಕ್ಟರ್ 2000 ಕಿಲೋಗ್ರಾಂ, ಕಬ್ಬು ತುಂಬಿದ ಟ್ರಾಲಿ 6000 ಕಿಲೋಗ್ರಾಂ ಅಂತ ಇಟ್ಟುಕೊಳ್ಳೋಣ. ತಡೆ ಟ್ರ್ಯಾಕ್ಟರಿಗೆ 400, ಟ್ರಾಲಿಗೆ 1200 ನ್ಯೂಟನ್. ಎರಡೂ 0.5 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಡುತ್ತವೆ. ಚಾಲಕ ಬಲ ಎಷ್ಟು, ನಡುವಿನ ಕೊಂಡಿಯ ಎಳೆತ ಎಷ್ಟು?

ಮೊದಲು ಎರಡನ್ನೂ ಸೇರಿಸಿ ಒಂದೇ ಪುಟ ಮಾಡಿ. ಹೀಗೆ ಮಾಡಿದರೆ ಕೊಂಡಿ ಒಳಗಿನ ವಿಷಯ ಆಗಿಬಿಡುತ್ತದೆ. ಮನೆಯೊಳಗೆ ಅಣ್ಣ ತಮ್ಮನಿಗೆ ನೂರು ರೂಪಾಯಿ ಕೊಟ್ಟರೆ ಮನೆಯ ಒಟ್ಟು ದುಡ್ಡು ಬದಲಾಗುವುದಿಲ್ಲ, ಅಲ್ವಾ? ಒಟ್ಟು 8000 × 0.5 = 4000. ತಡೆ 1600. ಚಾಲಕ ಬಲ 5600 ನ್ಯೂಟನ್.

ಈಗ ಟ್ರಾಲಿಯ ಪುಟ ಮಾತ್ರ. ಅದನ್ನು ಮುಂದೆ ಎಳೆಯಲು ಮುಟ್ಟಿರುವುದು ಕೊಂಡಿ ಒಂದೇ. ಎಳೆತ − 1200 = 6000 × 0.5 = 3000. ಎಳೆತ 4200 ನ್ಯೂಟನ್.

ಇಲ್ಲಿಗೆ ಉತ್ತರ ಬಂತು, ಆದರೆ ನಿಲ್ಲಬೇಡಿ. ಬಳಸದೆ ಉಳಿದ ಪುಟ ಟ್ರ್ಯಾಕ್ಟರಿನದು. ಅದರಲ್ಲಿ ತಾಳೆ ನೋಡಿ: 5600 − 400 − 4200 = 1000. ದ್ರವ್ಯರಾಶಿ × ವೇಗೋತ್ಕರ್ಷ 2000 × 0.5 = 1000. ಸರಿಹೋಯಿತು. ಅರ್ಧ ನಿಮಿಷದ ಕೆಲಸ ಇದು, ಎಷ್ಟೋ ಅಂಕ ಉಳಿಸುತ್ತದೆ.

ಇಲ್ಲೊಬ್ಬ ಜಾಣ ವಿದ್ಯಾರ್ಥಿ ಯಾವಾಗಲೂ ಎದ್ದು ನಿಲ್ಲುತ್ತಾನೆ. "ಟ್ರ್ಯಾಕ್ಟರ್ ಟ್ರಾಲಿಯನ್ನು 4200 ಎಳೆದರೆ, ಮೂರನೇ ನಿಯಮದ ಪ್ರಕಾರ ಟ್ರಾಲಿಯೂ ಟ್ರ್ಯಾಕ್ಟರನ್ನು 4200 ಹಿಂದಕ್ಕೆ ಎಳೆಯುತ್ತದೆ. ಎರಡೂ ವಜಾ ಆಯಿತು. ಮತ್ತೆ ಚಲಿಸುವುದು ಹೇಗೆ?" ಒಳ್ಳೆಯ ಪ್ರಶ್ನೆಯೇ. ಆದರೆ ಆ ಎರಡು 4200 ಬೇರೆ ಬೇರೆ ಪುಟದಲ್ಲಿವೆ. ಒಂದು ಟ್ರಾಲಿಯ ಜಮೆ, ಇನ್ನೊಂದು ಟ್ರ್ಯಾಕ್ಟರಿನ ಖರ್ಚು. ನನ್ನ ಖಾತೆಯ ಜಮೆಯನ್ನು ನಿಮ್ಮ ಖಾತೆಯ ಖರ್ಚಿಗೆ ವಜಾ ಮಾಡಲು ಯಾವ ಬ್ಯಾಂಕೂ ಒಪ್ಪುವುದಿಲ್ಲ.

ಹಿಂದೆ ಅಂಥದೇ ಇನ್ನೊಂದು ಟ್ರಾಲಿ ಕಟ್ಟಿ, ಹೊರಡುವ ವೇಗೋತ್ಕರ್ಷ ಅಷ್ಟೇ ಇರಲಿ ಅಂದರೆ? ಹಿಂದಿನ ಕೊಂಡಿಯಲ್ಲಿ 4200, ಮುಂದಿನ ಕೊಂಡಿಯಲ್ಲಿ 8400, ಚಾಲಕ ಬಲ 9800. ಮುಂದಿನ ಕೊಂಡಿ ಎರಡು ಟ್ರಾಲಿಯ ಭಾರ ಹೊರಬೇಕು. ಪಿನ್ನು ಮುರಿದರೆ ಮೊದಲು ಅಲ್ಲೇ ಯಾಕೆ ಮುರಿಯುತ್ತದೆ ಅಂತ ಗೊತ್ತಾಯಿತಲ್ಲ.

ಲಾರಿಯಲ್ಲಿ ಬೀರು

ಮನೆ ಬದಲಾಯಿಸುವಾಗ ಲಾರಿಗೆ 60 ಕಿಲೋಗ್ರಾಮಿನ ಕಬ್ಬಿಣದ ಬೀರು ಹೇರಿದ್ದೀರಿ, ಹಗ್ಗ ಕಟ್ಟಿಲ್ಲ. ಬೀರುವಿಗೂ ಲಾರಿಯ ಹಲಗೆಗೂ ನಡುವೆ ಘರ್ಷಣಾಂಕ (ಎರಡು ಮೈಗಳ ನಡುವಿನ ಹಿಡಿತದ ಅಳತೆ) 0.4. ಲಾರಿ 2 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟಿತು. ಬೀರುವಿನ ಮೇಲೆ ಘರ್ಷಣೆ ಎಷ್ಟು, ಯಾವ ಕಡೆಗೆ?

ಹತ್ತರಲ್ಲಿ ಎಂಟು ಮಂದಿ 0.4 × 600 = 240 ನ್ಯೂಟನ್, ಹಿಂದಕ್ಕೆ ಅಂತ ಬರೆಯುತ್ತಾರೆ. (ಗುರುತ್ವ ವೇಗೋತ್ಕರ್ಷ 9.8 ಬದಲು 10 ತೆಗೆದುಕೊಂಡಿದ್ದೇನೆ, ಲೆಕ್ಕ ಸುಲಭವಾಗಲಿ ಅಂತ.) ಎರಡೂ ತಪ್ಪು.

ದಿಕ್ಕು ಮೊದಲು ನೋಡೋಣ. ಬೀರು ಲಾರಿಯ ಜೊತೆ ಮುಂದೆ ಹೋಗುತ್ತಿದೆ. ಅದನ್ನು ಮುಟ್ಟಿರುವುದು ಹಲಗೆ ಮಾತ್ರ. ಹಾಗಾದರೆ ಮುಂದೆ ತಳ್ಳುವವರು ಬೇರೆ ಯಾರಿದ್ದಾರೆ? ಘರ್ಷಣೆಯೇ, ಮುಂದಕ್ಕೇ. "ಘರ್ಷಣೆ ಯಾವಾಗಲೂ ಚಲನೆಗೆ ವಿರುದ್ಧ" ಅಂತ ಹೈಸ್ಕೂಲಿನಲ್ಲಿ ಕಲಿತ ವಾಕ್ಯ ಇಲ್ಲಿ ಕೈ ಕೊಡುತ್ತದೆ. ಘರ್ಷಣೆ ತಡೆಯುವುದು ಜಾರುವುದನ್ನು, ಚಲಿಸುವುದನ್ನಲ್ಲ. ಘರ್ಷಣೆ ಇಲ್ಲದಿದ್ದರೆ ಲಾರಿ ಹೊರಟಾಗ ಬೀರು ಹಿಂದಕ್ಕೆ ಜಾರುತ್ತಿತ್ತು. ಅದನ್ನು ತಡೆಯಲು ಘರ್ಷಣೆ ಮುಂದಕ್ಕೆ ಇದೆ.

ಇನ್ನು ಪ್ರಮಾಣ. ಬೀರು ಲಾರಿಯ ಜೊತೆಗೇ ಹೋಗಲು ಬೇಕಾದದ್ದು 60 × 2 = 120 ನ್ಯೂಟನ್. ಘರ್ಷಣೆ ಕೊಡಬಲ್ಲದ್ದು ಹೆಚ್ಚೆಂದರೆ 240. ಕೇಳಿದಷ್ಟೇ ಕೊಡುತ್ತದೆ, 120. ಘರ್ಷಣಾಂಕ × ಅಭಿಲಂಬ ಬಲ (ಹಲಗೆ ಬೀರುವನ್ನು ಮೇಲಕ್ಕೆ ಒತ್ತುವ ಬಲ, ಇಲ್ಲಿ ತೂಕದಷ್ಟೇ) ಅನ್ನುವುದು ಗರಿಷ್ಠ ಮಿತಿ. ನಿಮ್ಮ ಖಾತೆಯಲ್ಲಿ 240 ರೂಪಾಯಿ ಇದೆ, ತರಕಾರಿಗೆ 120 ಕೊಟ್ಟಿದ್ದೀರಿ. ಖರ್ಚೆಷ್ಟು ಅಂದರೆ 240 ಅನ್ನುತ್ತೀರಾ?

ಹಾಗಾಗಿ ಘರ್ಷಣೆಯ ಲೆಕ್ಕದಲ್ಲಿ ಮೊದಲು "ಜಾರಿಲ್ಲ" ಅಂತ ಇಟ್ಟುಕೊಂಡು ಎಷ್ಟು ಬೇಕು ಅಂತ ಕಂಡುಹಿಡಿಯಿರಿ. ಆಮೇಲೆ ಮಿತಿಯ ಜೊತೆ ಹೋಲಿಸಿ. ಮಿತಿ ದಾಟಿದರೆ ಮಾತ್ರ ಜಾರುತ್ತದೆ.

ಈಗ ಬ್ರೇಕ್. ಅದೇ ಲಾರಿ ಗಂಟೆಗೆ 54 ಕಿ.ಮೀ. ವೇಗದಲ್ಲಿ ಬರುತ್ತಿದೆ. ಎಮ್ಮೆಯೊಂದು ಅಡ್ಡ ಬಂತು, ಡ್ರೈವರ್ 25 ಮೀಟರಿನಲ್ಲಿ ನಿಲ್ಲಿಸಿದ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿ: 225 ÷ 50 = 4.5 ಮೀ/ಸೆ². ಬೀರುವಿಗೆ ಬೇಕಾದ ಘರ್ಷಣೆ 60 × 4.5 = 270 ನ್ಯೂಟನ್. ಇರುವುದು 240. ಬೀರು ಕ್ಯಾಬಿನ್ ಕಡೆಗೆ ಜಾರಿತು. ಜಾರದೆ ಉಳಿಯಬೇಕಿದ್ದರೆ ವೇಗೋತ್ಕರ್ಷ 0.4 × 60 × 10 ÷ 60 = 4 ದಾಟಬಾರದು, ಅಂದರೆ ನಿಲ್ಲಲು ಕನಿಷ್ಠ 225 ÷ 8, ಸುಮಾರು 28 ಮೀಟರ್ ಬೇಕು. ಇಲ್ಲಿ 60 ಕಿಲೋಗ್ರಾಂ ಎರಡೂ ಕಡೆ ವಜಾ ಆಗಿಹೋಯಿತು ಅನ್ನುವುದನ್ನು ಗಮನಿಸಿ. "ಭಾರದ ಸಾಮಾನು, ಹಗ್ಗ ಬೇಡ ಬಿಡಿ" ಅನ್ನುವ ಹಮಾಲಿಗಳ ಮಾತು ನಂಬಬೇಡಿ.

ದಾರ, ಕೀಲಿ, ಮತ್ತು ಹುಸಿ ಬಲ

ಒಂದು ಸಲ ನಮ್ಮ ಮೆಟ್ರೋದಲ್ಲಿ ಅರ್ಧ ಮೀಟರ್ ದಾರಕ್ಕೆ ಮನೆ ಕೀಲಿ ಕಟ್ಟಿ ಹಿಡಿದು ಕೂತಿದ್ದೆ. ಎದುರಿನ ಸೀಟಿನ ಅಜ್ಜಿ ನೋಡಿ ನೋಡಿ, "ಏನಪ್ಪಾ, ದೃಷ್ಟಿ ತೆಗೀತಿದ್ದೀಯಾ?" ಅಂದರು. ಹೌದಮ್ಮ ಅಂದುಬಿಟ್ಟೆ, ವಿವರಿಸುವಷ್ಟರಲ್ಲಿ ಸ್ಟೇಷನ್ ಬಂದಿರುತ್ತಿತ್ತು. ರೈಲು ವೇಗ ಹೆಚ್ಚಿಸುವಾಗ ಕೀಲಿ ಹಿಂದಕ್ಕೆ ವಾಲಿ, ಸುಮಾರು 5 ಸೆಂಟಿಮೀಟರ್ ಸರಿದು ನಿಂತಿತು. 50ಕ್ಕೆ 5, ಅಂದರೆ ಹತ್ತರಲ್ಲೊಂದು ಪಾಲು. ರೈಲಿನ ವೇಗೋತ್ಕರ್ಷ ಗುರುತ್ವದ ಹತ್ತರಲ್ಲೊಂದು, ಸುಮಾರು 1 ಮೀ/ಸೆ².

ಯಾಕೆ ಹಾಗೆ? ಪ್ಲಾಟ್‌ಫಾರಂ ಮೇಲೆ ನಿಂತು ನೋಡಿ. ಕೀಲಿಯನ್ನು ಭೂಮಿ ಕೆಳಕ್ಕೆ ಎಳೆಯುತ್ತದೆ, ದಾರ ಓರೆಯಾಗಿ ಮೇಲಕ್ಕೂ ಮುಂದಕ್ಕೂ ಎಳೆಯುತ್ತದೆ. ಎರಡೇ ಬಲ. ದಾರದ ಎಳೆತದ ಮೇಲ್ಮುಖ ಭಾಗ ತೂಕಕ್ಕೆ ಸಮ. ಮುಮ್ಮುಖ ಭಾಗ ದ್ರವ್ಯರಾಶಿ × ವೇಗೋತ್ಕರ್ಷಕ್ಕೆ ಸಮ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಓರೆ ಕೋನದ ಟ್ಯಾನ್ = ವೇಗೋತ್ಕರ್ಷ ÷ ಗುರುತ್ವ. ಕೀಲಿಯ ತೂಕ ಬೇಕೇ ಆಗಲಿಲ್ಲ. ಕೋನ ಚಿಕ್ಕದಿದ್ದಾಗ ಸೈನ್‌ಗೂ ಟ್ಯಾನ್‌ಗೂ ವ್ಯತ್ಯಾಸ ಇಲ್ಲದಷ್ಟೇ, ಅದಕ್ಕೇ ನಾನು ದಾರದ ಉದ್ದದಿಂದಲೇ ಭಾಗಿಸಿದ್ದು.

ರೈಲಿನೊಳಗೆ ಕೂತು ನೋಡಿದರೆ ಕೀಲಿ ಅಲ್ಲಾಡದೆ ನಿಂತಿದೆ. ನಿಂತ ವಸ್ತುವಿನ ಮೇಲಿನ ಬಲಗಳ ಮೊತ್ತ ಸೊನ್ನೆ ಆಗಬೇಕು, ಆಗುತ್ತಿಲ್ಲ. ಅದಕ್ಕೆ ಹಿಂದಕ್ಕೊಂದು ಹುಸಿ ಬಲ ಸೇರಿಸಿಕೊಳ್ಳುತ್ತೇವೆ, ದ್ರವ್ಯರಾಶಿ × ರೈಲಿನ ವೇಗೋತ್ಕರ್ಷದಷ್ಟು. ಉತ್ತರ ಅದೇ ಬರುತ್ತದೆ. ಆದರೆ ಹೊರಗೆ ನಿಂತು ಹುಸಿ ಬಲ ಸೇರಿಸುವುದು, ಒಳಗೆ ಕೂತು ಅದನ್ನು ಬಿಡುವುದು, ಎರಡೂ ತಪ್ಪು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷವಿಡೀ ಪ್ಲಾಟ್‌ಫಾರಂ ಮೇಲೆಯೇ ನಿಂತು ಲೆಕ್ಕ ಮಾಡಿ. ಒಳಗೆ ಆಮೇಲೆ ಹೋಗೋಣ.

ಬಸ್ಸಿನಲ್ಲಿ ಇನ್ನೊಂದು ಆಟ ಇದೆ. ಮುಕ್ಕಾಲು ನೀರಿರುವ ಬಾಟಲಿಯನ್ನು ಉದ್ದಕ್ಕೆ ಮಲಗಿಸಿ ಹಿಡಿಯಿರಿ. ಬಸ್ಸು ಹೊರಟಾಗ ಒಳಗಿನ ಗಾಳಿಗುಳ್ಳೆ ಹಿಂದಕ್ಕಲ್ಲ, ಮುಂದಕ್ಕೆ ಓಡುತ್ತದೆ. ಭಾರದ ನೀರು ಹಿಂದೆ ಸೇರಿಕೊಂಡು ಹಗುರದ ಗುಳ್ಳೆಯನ್ನು ಮುಂದೆ ದಬ್ಬುತ್ತದೆ.

ಘಟ್ಟದ ರೈಲು

ಏರಿನ ಲೆಕ್ಕಕ್ಕೆ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ರೈಲುಮಾರ್ಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿನ ಏರು 50ಕ್ಕೆ 1. ಅಂದರೆ 50 ಮೀಟರ್ ಸಾಗಿದರೆ 1 ಮೀಟರ್ ಮೇಲೆ. ನಡೆದು ಹೋದರೆ ಏರು ಅಂತ ಗೊತ್ತೂ ಆಗಲಿಕ್ಕಿಲ್ಲ. ರೈಲಿಗೆ ಗೊತ್ತಾಗುತ್ತದೆ.

ಏರಿನ ಲೆಕ್ಕದಲ್ಲಿ ಅಕ್ಷಗಳನ್ನು ಹಳಿಗೆ ಹೊಂದಿಸಿ ಓರೆಯಾಗಿ ಎಳೆಯಿರಿ, ಹಾಳೆಯ ಅಂಚಿಗೆ ಹೊಂದಿಸಿ ಅಲ್ಲ. ಆಗ ತೂಕದ ಒಂದು ಭಾಗ ಮಾತ್ರ ಹಳಿಯ ಉದ್ದಕ್ಕೆ ಕೆಳಗೆ ಎಳೆಯುತ್ತದೆ, ತೂಕ × ಸೈನ್. 50ಕ್ಕೆ 1 ಏರಿನಲ್ಲಿ ಸೈನ್ ಬೆಲೆ 1/50. ಎಂಜಿನ್ನೂ ಸೇರಿ 1000 ಟನ್ ರೈಲು ಅಂತ ಇಟ್ಟುಕೊಳ್ಳಿ. ತೂಕ 1,00,00,000 ನ್ಯೂಟನ್. ಅದರ ಐವತ್ತನೇ ಒಂದು ಪಾಲು 2,00,000 ನ್ಯೂಟನ್. ವೇಗ ಹೆಚ್ಚಿಸದೆ ಸುಮ್ನೆ ಹತ್ತಲೇ ಇಷ್ಟು ಬೇಕು, ಇತರ ತಡೆ ಬೇರೆ. ಇದರ ಜೊತೆ 0.05 ಮೀ/ಸೆ² ವೇಗೋತ್ಕರ್ಷವೂ ಬೇಕೆಂದರೆ ಹೆಚ್ಚುವರಿ 50,000 ಮಾತ್ರ. ಹಣ ಹೋಗುವುದೆಲ್ಲ ಏರಿಗೇ.

ಎಂಜಿನ್ 120 ಟನ್ ಇದ್ದು, ಒಣ ಹಳಿಯ ಘರ್ಷಣಾಂಕ 0.3 ಅಂದರೆ ಹಳಿ ಕೊಡಬಲ್ಲ ಗರಿಷ್ಠ ಚಾಲಕ ಬಲ 3,60,000. ಸಲೀಸಾಗಿ ಹತ್ತುತ್ತದೆ. ಮಲೆನಾಡಿನ ಮಳೆಗೆ ಹಳಿ ಒದ್ದೆಯಾಗಿ ಅದು 0.15ಕ್ಕೆ ಇಳಿಯಿತು ಅನ್ನಿ. ಆಗ ಸಿಗುವುದು 1,80,000. ಬೇಕಾದದ್ದು 2,00,000. ಎಂಜಿನ್‌ಗೆ ಎಷ್ಟೇ ಶಕ್ತಿ ಇರಲಿ, ಚಕ್ರ ಅಲ್ಲೇ ಜಾರುತ್ತದೆ, ಆ ಕೆಸರಿನ ಜೀಪಿನ ಹಾಗೆ. ರೈಲು ಎಂಜಿನ್ನುಗಳಲ್ಲಿ ಚಕ್ರದ ಮುಂದೆ ಹಳಿಗೆ ಮರಳು ಉದುರಿಸುವ ವ್ಯವಸ್ಥೆ ಇರುವುದು ಇದಕ್ಕೇ. ಈ ಘಟ್ಟದಲ್ಲಿ ಹತ್ತಲು ಬ್ಯಾಂಕರ್ ಎಂಜಿನ್ (ಏರಿನಲ್ಲಿ ನೆರವಾಗುವ ಹೆಚ್ಚುವರಿ ಎಂಜಿನ್) ಸೇರಿಸುವುದೂ ಇದಕ್ಕೇ: ಬಲದ ಜೊತೆಗೆ ಹಳಿ ಹಿಡಿಯುವ ಚಕ್ರಗಳೂ ಹೆಚ್ಚಾಗುತ್ತವೆ.

ತಿರುವಿನ ಲೆಕ್ಕ ಬೇಗ ಮುಗಿಯುತ್ತದೆ. ಕೇಂದ್ರಾಭಿಮುಖ ಬಲ (ವಾಹನವನ್ನು ತಿರುವಿನ ಒಳಕ್ಕೆ ಎಳೆಯುವ ಬಲ) ಅನ್ನುವುದು ಹೊಸ ಬಾಣ ಅಲ್ಲ, ಸಮತಟ್ಟು ರಸ್ತೆಯಲ್ಲಿ ಆ ಕೆಲಸ ಮಾಡುವುದು ಮತ್ತೆ ಘರ್ಷಣೆಯೇ. ತ್ರಿಜ್ಯ 15 ಮೀಟರ್, ಘರ್ಷಣಾಂಕ 0.4 ಇದ್ದರೆ ವೇಗದ ವರ್ಗ 0.4 × 10 × 15 = 60 ದಾಟಬಾರದು. ವೇಗ ಸೆಕೆಂಡಿಗೆ 7.7 ಮೀಟರ್, ಗಂಟೆಗೆ ಸುಮಾರು 28 ಕಿ.ಮೀ.

ಈಗ ನೀವೇ ಮಾಡಿ

ಡ್ರೈವರ್ ಸೇರಿ 400 ಕಿಲೋಗ್ರಾಂ ಇರುವ ಆಟೋ. ಗರಿಷ್ಠ ಚಾಲಕ ಬಲ 900 ನ್ಯೂಟನ್, ತಡೆ 150. ಖಾಲಿ ಇದ್ದಾಗ ನಿಂತಲ್ಲಿಂದ ಗಂಟೆಗೆ 36 ಕಿ.ಮೀ. ಮುಟ್ಟಲು ಎಷ್ಟು ಸೆಕೆಂಡು? ಒಟ್ಟು 200 ಕಿಲೋಗ್ರಾಮಿನ ಮೂವರು ಹತ್ತಿದ ಮೇಲೆ? ಆ ಮೂವರಲ್ಲಿ 60 ಕಿಲೋಗ್ರಾಮಿನ ಒಬ್ಬರಿಗೆ ನೆಲಕ್ಕೆ ಸಮಾಂತರವಾಗಿ ಆಗುವ ಒಟ್ಟು ಬಲ ಎಷ್ಟು, ಕೊಟ್ಟವರು ಯಾರು? ತಡೆ ಬದಲಾಗುವುದಿಲ್ಲ ಅಂತ ಇಟ್ಟುಕೊಳ್ಳಿ. ಮೂರನೆಯದಕ್ಕೆ ಪುಟ ಬದಲಾಯಿಸುವುದು ಮರೆಯಬೇಡಿ.

ಉತ್ತರ: ಖಾಲಿ ಆಟೋಗೆ ಸುಮಾರು 5.3 ಸೆಕೆಂಡು, ತುಂಬಿದ್ದಕ್ಕೆ 8 ಸೆಕೆಂಡು. ಆ ಪ್ರಯಾಣಿಕರಿಗೆ 75 ನ್ಯೂಟನ್, ಮುಂದಕ್ಕೆ, ಕೊಟ್ಟಿದ್ದು ಸೀಟು.